ಸಾಬರಮತಿಯ ದಂಡೆಯಲ್ಲಿ ವ್ಯಾಪಾರಧರ್ಮದ ಪಾಠ

1917ರ ಮಳೆಗಾಲದಲ್ಲಿ ಅಹಮದಾಬಾದಿಗೆ ಪ್ಲೇಗು ಬಂತು. ಊರು ಬಿಡಬಲ್ಲವರೆಲ್ಲ ಬಿಟ್ಟರು. ಗಿರಣಿ ಕೆಲಸಗಾರರೂ ಗಂಟುಮೂಟೆ ಕಟ್ಟಿಕೊಂಡು ತಮ್ಮ ತಮ್ಮ ಹಳ್ಳಿಗಳ ದಾರಿ ಹಿಡಿದರು. ಗಿರಣಿ ಮಾಲೀಕರಿಗೆ ಇದಕ್ಕಿಂತ ಕೆಟ್ಟ ಗಳಿಗೆ ಬೇರೊಂದಿರಲಿಲ್ಲ. ಮೊದಲ ಮಹಾಯುದ್ಧ ನಡೆದಿತ್ತು, ವಿಲಾಯಿತಿ ಬಟ್ಟೆ ಬರುವುದು ಕಡಿಮೆಯಾಗಿತ್ತು, ನೇಯ್ದದ್ದೆಲ್ಲ ಒಳ್ಳೆಯ ಬೆಲೆಗೆ ಬಿಕರಿಯಾಗುತ್ತಿತ್ತು. ಮಗ್ಗ ಒಂದು ದಿನ ನಿಂತರೂ ನಷ್ಟ. ಹೀಗಾಗಿ ಊರಲ್ಲೇ ಉಳಿದು ದುಡಿಯುವವರಿಗೆ ಸಂಬಳದ ಮೇಲೆ ‘ಪ್ಲೇಗ್ ಬೋನಸ್’ ಕೊಡಲು ಮಾಲೀಕರು ಮುಂದಾದರು. ಕೆಲವರ ಪಾಲಿಗೆ ಅದು ಸಂಬಳದ ಶೇಕಡಾ 70, 80ರವರೆಗೂ ಹೋಯಿತು. ಸಾವಿನ ಭಯವನ್ನು ಮೀರಿ ಮಗ್ಗದ ಮುಂದೆ ನಿಂತದ್ದಕ್ಕೆ ಸಿಕ್ಕ ಹಣ ಅದು.

ಪ್ಲೇಗು ಇಳಿಯಿತು. 1918ರ ಜನವರಿಯಲ್ಲಿ ಮಾಲೀಕರು ಬೋನಸ್ ನಿಲ್ಲಿಸುವ ತೀರ್ಮಾನಕ್ಕೆ ಬಂದರು. ಭಯ ಹೋದ ಮೇಲೆ ಬೋನಸ್ ಯಾಕೆ ಎಂಬುದು ಅವರ ಲೆಕ್ಕ. ನೇಕಾರರ ಮನೆಯ ಲೆಕ್ಕ ಬೇರೆಯೇ ಇತ್ತು. ಯುದ್ಧದಿಂದ ಏರಿದ ದವಸಧಾನ್ಯದ ಬೆಲೆ ಪ್ಲೇಗಿನ ಜೊತೆ ಇಳಿದಿರಲಿಲ್ಲ. ಬೋನಸ್ ಹೋದರೆ ಸಂಬಳ ಹಳೆಯದು, ಸಂತೆಯ ಬೆಲೆ ಹೊಸದು. ಬೋನಸ್ಸಿಗೆ ಬದಲಾಗಿ ಸಂಬಳವನ್ನೇ ಶೇಕಡಾ 50ರಷ್ಟು ಹೆಚ್ಚಿಸಿ ಎಂದು ಅವರು ಕೇಳಿದರು.

ಉದ್ಯಮಕ್ಕೂ ಸಮಾಜಕ್ಕೂ ಇರುವ ಋಣ ಏನು, ಮಾಲೀಕನ ಧರ್ಮ ಯಾವುದು ಎಂಬುದನ್ನು ಇಂದು ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ‘ಬಿಸಿನೆಸ್ ಎಥಿಕ್ಸ್’ ಎಂಬ ಹೆಸರಿನಲ್ಲಿ ಕಲಿಸುತ್ತಾರೆ. ಪಠ್ಯಪುಸ್ತಕ ಇದೆ, ಪರೀಕ್ಷೆ ಇದೆ, ಅಂಕ ಇದೆ. ನಮ್ಮ ನೆಲದಲ್ಲಿ ಈ ವಿಷಯವನ್ನು ಇಡೀ ಊರೇ ಕೂತು ಕಲಿತ ಒಂದು ತರಗತಿ 1918ರ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಸಾಬರಮತಿಯ ದಂಡೆಯ ಮೇಲೆ ನಡೆಯಿತು ಎಂದು ನಾನು ನಂಬುತ್ತೇನೆ. ಅಲ್ಲಿ ಹೇಳಿಕೊಟ್ಟದ್ದರಲ್ಲಿ ಬಹುಪಾಲನ್ನು ನಾವು ಆಮೇಲೆ ಬಿಟ್ಟುಬಿಟ್ಟೆವು. ಏನನ್ನು ಬಿಟ್ಟೆವು ಎಂಬುದನ್ನು ತಿಳಿಯಬೇಕಾದರೆ ಆ ದಿನಗಳಿಗೆ ಹೋಗಬೇಕು.

ಅಕ್ಕ ಈ ಕಡೆ, ತಮ್ಮ ಆ ಕಡೆ

ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕ್ಯಾಲಿಕೋ ಗಿರಣಿಯ ಒಡೆಯ, ಇನ್ನೂ ಮೂವತ್ತು ತುಂಬದ ತರುಣ. ಕೆಟ್ಟ ಧಣಿ ಎಂದು ಅವರನ್ನು ಯಾರೂ ಕರೆಯುವಂತಿರಲಿಲ್ಲ. ಕೊಚರಬ್‌ನ ಆಶ್ರಮಕ್ಕೆ ದಲಿತ ಕುಟುಂಬವೊಂದನ್ನು ಸೇರಿಸಿಕೊಂಡಿದ್ದಕ್ಕೆ ಊರಿನ ದಾನಿಗಳೆಲ್ಲ ಗಾಂಧಿಗೆ ಬೆನ್ನು ತಿರುಗಿಸಿದಾಗ, ಕಾರಿನಲ್ಲಿ ಬಂದು 13,000 ರೂಪಾಯಿ ಕೈಗಿತ್ತು ಹೋದ ಸೇಠ್ ಅವರೇ ಎಂಬುದು ಊರೆಲ್ಲ ನಂಬಿದ ಮಾತು. ಹಾಗಾಗಿ ಮುಂದೆ ಕೆಲಸಗಾರರ ಜೊತೆ ಸೇರಿದ ಗಾಂಧಿಯ ಪಾಲಿಗೆ ಇದು ಶತ್ರುವಿನ ಜೊತೆಗಿನ ಕಾಳಗವಾಗಿರಲಿಲ್ಲ. ಕಷ್ಟಕಾಲದಲ್ಲಿ ಕೈಹಿಡಿದ ಸ್ನೇಹಿತನ ಎದುರು ನಿಲ್ಲಬೇಕಿತ್ತು.

ಕೆಲಸಗಾರರ ಪರ ನಿಂತವರು ಅಂಬಾಲಾಲರ ಸ್ವಂತ ಅಕ್ಕ ಅನಸೂಯಾ. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡ ಈ ಅಕ್ಕತಮ್ಮಂದಿರ ನಡುವೆ ಬಹಳ ಅಕ್ಕರೆಯಿತ್ತು. ಹದಿಮೂರಕ್ಕೇ ಆದ ಮದುವೆ ಮುರಿದು ಅಕ್ಕ ಮನೆಗೆ ಮರಳಿದಾಗ ತಮ್ಮನೇ ಆಸರೆಯಾದ. 1912ರಲ್ಲಿ ಅವರನ್ನು ಇಂಗ್ಲೆಂಡಿಗೆ ಓದಲು ಕಳಿಸಿದವನೂ ಅವನೇ. ವೈದ್ಯಕೀಯ ಕಲಿಯಲು ಹೋದ ಅನಸೂಯಾ, ಪ್ರಾಣಿಗಳನ್ನು ಕೊಯ್ಯುವುದು ಜೈನ ಮನಸ್ಸಿಗೆ ಒಗ್ಗದೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಅಲ್ಲಿನ ಸಮಾಜವಾದಿಗಳ ಮಾತು, ಮತದಾನದ ಹಕ್ಕಿಗಾಗಿ ಹೆಂಗಸರು ನಡೆಸಿದ ಹೋರಾಟ ಎರಡನ್ನೂ ಹತ್ತಿರದಿಂದ ಕಂಡು ಊರಿಗೆ ಮರಳಿ, ಗಿರಣಿ ಕೆಲಸಗಾರರ ಮಕ್ಕಳಿಗಾಗಿ ಶಾಲೆ ತೆರೆದರು.

ಅವರ ಬದುಕಿನ ದಿಕ್ಕು ತಿರುಗಿಸಿದ ಒಂದು ಬೆಳಗನ್ನು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಅಂಗಳದಲ್ಲಿ ಕೂತು ಮಕ್ಕಳ ತಲೆ ಬಾಚುತ್ತಿದ್ದಾಗ ಬೀದಿಯಲ್ಲಿ ಹತ್ತುಹದಿನೈದು ಹೆಂಗಸರು ನಡೆದುಹೋಗುತ್ತಿದ್ದರು. ಕಣ್ಣು ತೆರೆದೇ ನಿದ್ದೆ ಮಾಡುತ್ತಿರುವವರ ಹಾಗೆ ಅವರ ನಡಿಗೆ. ಕರೆದು ಕೇಳಿದರೆ, ಗಿರಣಿಯಿಂದ ಬರುತ್ತಿದ್ದೇವೆ ಎಂದರು. ಎರಡು ರಾತ್ರಿ, ಒಂದು ಹಗಲು ಬಿಡುವಿಲ್ಲದೆ ದುಡಿದು ಮನೆಗೆ ಹೊರಟಿದ್ದರು. ಒಟ್ಟು 36 ಗಂಟೆ. ತನ್ನ ಮನೆತನದ ಸಿರಿ ಎಲ್ಲಿಂದ ಬಂತು ಎಂಬುದು ಅನಸೂಯಾರಿಗೆ ಆ ಬೆಳಗ್ಗೆ ಕಣ್ಣಿಗೆ ಕಟ್ಟಿತು. ಕೆಲಸಗಾರರು ಅವರನ್ನು ‘ಮೋಟಾಬೆನ್’, ದೊಡ್ಡಕ್ಕ, ಎಂದು ಕರೆಯತೊಡಗಿದರು. ಪ್ಲೇಗ್ ಬೋನಸ್ ಸಿಗದ ಹಾಸುನೂಲಿನ ವಿಭಾಗದವರು 1917ರ ಕೊನೆಯಲ್ಲಿ ಮುಷ್ಕರ ಹೂಡಿದಾಗ ಅವರ ಮುಂದೆ ನಿಂತದ್ದೂ ಈ ದೊಡ್ಡಕ್ಕನೇ.

ಐವತ್ತೂ ಅಲ್ಲ, ಇಪ್ಪತ್ತೂ ಅಲ್ಲ

ಚಂಪಾರಣ್ಯದ ಕೆಲಸದಲ್ಲಿ ಮುಳುಗಿದ್ದ ಗಾಂಧಿ ಅನಸೂಯಾರ ಕರೆಗೆ ಓಗೊಟ್ಟು ಫೆಬ್ರುವರಿಯಲ್ಲಿ ಅಹಮದಾಬಾದಿಗೆ ಬಂದರು. ಅವರ ಮೊದಲ ಸಲಹೆ ಪಂಚಾಯಿತಿ. ಕೆಲಸಗಾರರ ಕಡೆಯಿಂದ ಗಾಂಧಿ, ವಲ್ಲಭಭಾಯಿ ಪಟೇಲ್, ಶಂಕರಲಾಲ್ ಬ್ಯಾಂಕರ್. ಮಾಲೀಕರ ಕಡೆಯಿಂದ ಅಂಬಾಲಾಲರೂ ಸೇರಿ ಮೂವರು. ಮೇಲೆ ಜಿಲ್ಲಾ ಕಲೆಕ್ಟರ್. ಎರಡೂ ಕಡೆಯವರು ಒಪ್ಪಿದರು. ಅಷ್ಟರಲ್ಲಿ ಕೆಲವು ಗಿರಣಿಗಳಲ್ಲಿ ಕೆಲಸಗಾರರು ತಾಳ್ಮೆಗೆಟ್ಟು ಕೆಲಸ ನಿಲ್ಲಿಸಿದರು. ಮಾತು ಮುರಿದದ್ದು ನೀವೇ ಎಂದು ಮಾಲೀಕರು ಪಂಚಾಯಿತಿಯಿಂದ ಎದ್ದುಹೋದರು. ತಪ್ಪು ನಮ್ಮವರದೇ ಎಂದು ಗಾಂಧಿ ಒಪ್ಪಿಕೊಂಡರೂ ಪ್ರಯೋಜನವಾಗಲಿಲ್ಲ. ಫೆಬ್ರುವರಿ 22ರಿಂದ ನೇಕಾರರಿಗೆ ಗಿರಣಿಯ ಬಾಗಿಲು ಮುಚ್ಚಿತು. ಶೇಕಡಾ 20ರ ಹೆಚ್ಚಳಕ್ಕೆ ಒಪ್ಪಿದವರಿಗೆ ಮಾತ್ರ ಕೆಲಸ ಎಂದು ಮಾಲೀಕರು ಸಾರಿದರು.

ಇಲ್ಲಿ ಗಾಂಧಿ ಮಾಡಿದ ಕೆಲಸವನ್ನು ಇಂದಿನ ಯಾವ ಎಥಿಕ್ಸ್ ತರಗತಿಯೂ ಮೊದಲ ಪಾಠವಾಗಿ ಇಟ್ಟುಕೊಳ್ಳಬಹುದು. ಕೆಲಸಗಾರರು 50 ಎಂದಿದ್ದರು, ಮಾಲೀಕರು 20 ಎಂದಿದ್ದರು. ನ್ಯಾಯವಾದದ್ದು ಎಷ್ಟು? ಅದನ್ನು ಘೋಷಣೆಯಿಂದ ತೀರ್ಮಾನಿಸುವ ಬದಲು ಗಾಂಧಿ, ವಲ್ಲಭಭಾಯಿ, ಬ್ಯಾಂಕರ್ ಲೆಕ್ಕಕ್ಕೆ ಕೂತರು. ಮುಂಬಯಿಯ ಗಿರಣಿಗಳಲ್ಲಿ ಅದೇ ಕೆಲಸಕ್ಕೆ ಎಷ್ಟು ಕೊಡುತ್ತಾರೆ, ಅಹಮದಾಬಾದಿನಲ್ಲಿ ಒಂದು ಸಂಸಾರದ ಖರ್ಚು ಎಷ್ಟು ಏರಿದೆ, ಗಿರಣಿಗಳು ಎಷ್ಟು ಭಾರ ಹೊರಬಲ್ಲವು ಎಂದು ವಿಚಾರಿಸಿದರು. ಮಾಲೀಕರ ಅಭಿಪ್ರಾಯವನ್ನೂ ಕೇಳಿದರು. ಎಲ್ಲ ತೂಗಿನೋಡಿ ಬಂದ ಅಂಕಿ, ಜುಲೈ ತಿಂಗಳ ಸಂಬಳದ ಮೇಲೆ ಶೇಕಡಾ 35.

ಆಮೇಲಿನ ಕೆಲಸ ಇನ್ನೂ ಕಷ್ಟದ್ದು. ತಮ್ಮನ್ನು ನಂಬಿ ಬಂದವರ ಎದುರು ನಿಂತು, ನೀವು ಕೇಳಿದ ಐವತ್ತು ನ್ಯಾಯಕ್ಕಿಂತ ಹೆಚ್ಚು, ಅದನ್ನು ಕೈಬಿಡಿ ಎನ್ನಬೇಕಿತ್ತು. ನ್ಯಾಯಕ್ಕಿಂತ ಹೆಚ್ಚು ಕೇಳುವುದೂ ಅನ್ಯಾಯವೇ ಎಂಬ ಪಾಠವನ್ನು ಗಾಂಧಿ ಮೊದಲು ಕಲಿಸಿದ್ದು ಬಡವರ ಕಡೆಗೆ. ಅವರು ಅದನ್ನು ಒಪ್ಪಿದ್ದರಿಂದಲೇ ಮುಂದೆ 35ಕ್ಕೆ ಕಲ್ಲಿನಂತೆ ನಿಲ್ಲುವ ಹಕ್ಕು ಅವರದಾಯಿತು.

ಜಾಲಿಮರದ ತರಗತಿ

ಶಾಹಪುರ ಬಾಗಿಲಿನ ಹೊರಗೆ ನದಿಯ ದಂಡೆಯಲ್ಲಿ ಒಂದು ಜಾಲಿಮರವಿತ್ತು. ಫೆಬ್ರುವರಿ 26ರಂದು ಅದರ ಕೆಳಗೆ ಸಾವಿರಾರು ನೇಕಾರರು ಪ್ರತಿಜ್ಞೆ ಮಾಡಿದರು: 35 ಸಿಗುವವರೆಗೆ ಕೆಲಸಕ್ಕೆ ಹೋಗುವುದಿಲ್ಲ, ಬಾಗಿಲು ಮುಚ್ಚಿರುವಷ್ಟು ದಿನ ಗಲಾಟೆ ಮಾಡುವುದಿಲ್ಲ, ಕದಿಯುವುದಿಲ್ಲ, ಮಾಲೀಕರ ಆಸ್ತಿಗೆ ಕೈ ಹಚ್ಚುವುದಿಲ್ಲ. ಅಂದಿನಿಂದ ದಿನವೂ ಸಂಜೆ ಅಲ್ಲಿ ಸಭೆ. ‘ಏಕ್ ಟೇಕ್’, ಆಡಿದ ಮಾತಿಗೆ ನಿಲ್ಲುತ್ತೇವೆ, ಎಂಬ ಬಾವುಟ ಹಿಡಿದು ಕೇರಿಗಳಿಂದ ಮೆರವಣಿಗೆ ಬರುತ್ತಿತ್ತು.

ಸಭೆಯಲ್ಲಿ ಒಂದು ಕರಪತ್ರವನ್ನು ಓದಿ ಹೇಳುತ್ತಿದ್ದರು. ಹೊರಡುತ್ತಿದ್ದದ್ದು ಅನಸೂಯಾರ ಹೆಸರಿನಲ್ಲಿ, ಹಿಂದಿದ್ದ ಬುದ್ಧಿ ಗಾಂಧಿಯದು. ಹೋರಾಟ ಮುಗಿಯುವ ಹೊತ್ತಿಗೆ 17 ಕರಪತ್ರಗಳಾದವು. ಗಾಂಧಿಯ ಕಾರ್ಯದರ್ಶಿ ಮಹಾದೇವ ದೇಸಾಯಿ ಈ ಹೋರಾಟದ ಕಥೆಯನ್ನು ‘ಏಕ್ ಧರ್ಮಯುದ್ಧ’ ಎಂಬ ಗುಜರಾತಿ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಮುಷ್ಕರದ ಕರಪತ್ರ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಧಿಕ್ಕಾರದ ಸಾಲುಗಳು. ಇವು ಹಾಗಿರಲಿಲ್ಲ. ಒಂದರಲ್ಲಿ ಬಿಡುವಿನ ಹೊತ್ತು ಕಳೆಯುವುದು ಹೇಗೆ ಎಂಬ ಮಾತು: ಜೂಜಿಗೆ ಕೂರಬೇಡಿ, ಮನೆ ರಿಪೇರಿ ಮಾಡಿಕೊಳ್ಳಿ, ಓದು ಬಂದವರು ಓದಿ, ಹೊಲಿಗೆಯೋ ಮರಗೆಲಸವೋ ಇನ್ನೊಂದು ಕಸುಬು ಕಲಿಯಿರಿ. ಇನ್ನೊಂದರಲ್ಲಿ ದಕ್ಷಿಣ ಆಫ್ರಿಕದ ಹೋರಾಟದಲ್ಲಿ ಸೆರೆಮನೆ ಕಂಡ ವಳ್ಳಿಯಮ್ಮನಂಥ ಸಾಮಾನ್ಯರ ಕಥೆ. ಮತ್ತೊಂದರಲ್ಲಿ ಮಾಲೀಕರ ಮನಸ್ಸಿನಲ್ಲಿರುವ ಅಂಜಿಕೆಯ ವಿಚಾರ: ಈಗ ಬಗ್ಗಿದರೆ ಕೆಲಸಗಾರರು ತಲೆಯ ಮೇಲೆ ಕೂರುತ್ತಾರೆಂಬ ಭಯ ಅವರಿಗಿದೆ, ಆ ಭಯ ಸುಳ್ಳೆಂದು ನಿಮ್ಮ ನಡತೆಯಿಂದ ತೋರಿಸಿ. ಎದುರಾಳಿಯ ಮನಸ್ಸನ್ನು ಅರ್ಥಮಾಡಿಕೊಳ್ಳುವುದನ್ನು ಹಸಿದ ಜನರಿಗೆ ಹೇಳಿಕೊಡುತ್ತಿದ್ದ ಶಾಲೆ ಅದು.

ಹೊರಗಿನಿಂದ ಚಂದಾ ಎತ್ತಿ ಮುಷ್ಕರ ನಡೆಸಲು ಗಾಂಧಿ ಒಪ್ಪಲಿಲ್ಲ. ದುಡಿದು ಉಣ್ಣಬೇಕು ಎಂದರು. ಸಾಬರಮತಿ ಆಶ್ರಮದಲ್ಲಿ ಆಗ ನೇಯ್ಗೆ ಶಾಲೆಯ ಕಟ್ಟಡ ಏಳುತ್ತಿತ್ತು. ಅದರ ಅಡಿಪಾಯಕ್ಕೆ ಮರಳು ತುಂಬುವ ಕೆಲಸವನ್ನು ನೇಕಾರರಿಗೆ ಕೊಡಬಹುದೆಂದು ಆಶ್ರಮದ ಮಗನ್‌ಲಾಲ್ ಗಾಂಧಿ ಸೂಚಿಸಿದರು. ನದಿಯ ಮರಳನ್ನು ಬುಟ್ಟಿಯಲ್ಲಿ ಹೊತ್ತು ಸಾಲುಗಟ್ಟಿ ಬಂದವರ ಮುಂದೆ ತಾವೂ ಬುಟ್ಟಿ ಹೊತ್ತು ನಡೆದವರು ಅನಸೂಯಾ, ನಗರದ ದೊಡ್ಡ ಗಿರಣಿ ಮನೆತನದ ಮಗಳು.

ಮಾಲೀಕರ ಜೊತೆಗಿನ ಮಾತುಕತೆಯೂ ನಿಂತಿರಲಿಲ್ಲ. ಆಶ್ರಮಕ್ಕೆ ಬಂದ ಅಂಬಾಲಾಲರನ್ನು ಗಾಂಧಿ ಊಟಕ್ಕೆ ಕೂರಿಸುತ್ತಿದ್ದರು, ಬಡಿಸುವ ಕೆಲಸ ಅನಸೂಯಾರದು. ಮುಂದೆ ಅಹಮದಾಬಾದಿಗೆ ಬಂದು ಈ ಘಟನೆಯ ಬೆನ್ನುಹತ್ತಿ ದೊಡ್ಡ ಪುಸ್ತಕವನ್ನೇ ಬರೆದ ಮನಃಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಇದನ್ನು ದಾಖಲಿಸಿದ್ದಾರೆ. ಹಗಲು ಬುಟ್ಟಿ ಹೊತ್ತ ಕೈ ತಮ್ಮನಿಗೆ ಅನ್ನ ಬಡಿಸುತ್ತಿತ್ತು. ಜಗಳದ ವಿಷಯ ಬೇರೆ, ಮನುಷ್ಯ ಬೇರೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾರು ಕಲಿಸಿಯಾರು!

ಈ ಎಲ್ಲದರ ನಡುವೆ ಮಾಲೀಕರ ನಿಲುವು ಒಂದೇ. ನಮಗೂ ಕೆಲಸಗಾರರಿಗೂ ಇರುವುದು ತಂದೆ ಮಕ್ಕಳ ಸಂಬಂಧ, ಅದರ ನಡುವೆ ಮೂರನೆಯವರು ಯಾಕೆ, ಪಂಚಾಯಿತಿ ಯಾಕೆ ಎಂದು ಅವರು ಕೇಳುತ್ತಿದ್ದರು. ಕೇಳಲು ಹಿತವಾದ ಮಾತು. ಆದರೆ ಅದರ ಒಳಗೆ ಒಂದು ಗಟ್ಟಿಯಾದ ತಿರುಳಿದೆ. ತಂದೆ ಎಷ್ಟು ಕೊಡಬೇಕೆಂದು ತಂದೆಯೇ ನಿರ್ಧರಿಸುತ್ತಾನೆ, ಮಗ ಲೆಕ್ಕ ಕೇಳುವಂತಿಲ್ಲ. ಆ ಸಂಬಂಧದಲ್ಲಿ ದಯೆಗೆ ಜಾಗವಿದೆ, ಹಕ್ಕಿಗೆ ಜಾಗವಿಲ್ಲ. 1918ರ ಜಗಳ ಹೊರನೋಟಕ್ಕೆ 20 ಮತ್ತು 35ರ ನಡುವಿನದು. ಒಳಗಿದ್ದದ್ದು ತೀರ್ಮಾನ ಯಾರದು ಎಂಬ ಪ್ರಶ್ನೆ.

ಕೇರಿಯಿಂದ ಬಂದ ಮಾತು

ಮಾರ್ಚ್ 12ರಂದು ಮಾಲೀಕರು ಗಿರಣಿಗಳ ಬಾಗಿಲು ತೆರೆದು, 20ಕ್ಕೆ ಒಪ್ಪುವವರು ಒಳಗೆ ಬರಲಿ ಎಂದರು. ಎರಡು ವಾರ ಸಂಬಳ ಕಾಣದ ಮನೆಗಳಲ್ಲಿ ಒಲೆ ಉರಿಯುವುದೇ ಕಷ್ಟವಾಗಿತ್ತು. ಸಭೆಗೆ ಬರುವವರು ಕಡಿಮೆಯಾದರು. ಬಂದವರ ಮುಖದಲ್ಲೂ ಗೆಲುವಿರಲಿಲ್ಲ.

ಆ ದಿನಗಳಲ್ಲೇ ಆಶ್ರಮದ ಛಗನ್‌ಲಾಲ್ ಗಾಂಧಿ ಕೆಲಸಗಾರರಿದ್ದ ಜುಗಲ್‌ದಾಸ್ ಚಾಳಿಗೆ ಹೋಗಿ, ಬೆಳಗಿನ ಸಭೆಗೆ ಬನ್ನಿ ಎಂದು ಕರೆದರು. ಅಲ್ಲಿನವರು ಒರಟಾಗಿಯೇ ಉತ್ತರ ಕೊಟ್ಟರು. ಗಾಂಧೀಜಿಗೂ ಅನಸೂಯಾಬೆನ್‌ಗೂ ಏನು ಕಷ್ಟ, ಅವರು ಕಾರಿನಲ್ಲಿ ಓಡಾಡುತ್ತಾರೆ, ಹೊಟ್ಟೆತುಂಬ ಉಣ್ಣುತ್ತಾರೆ. ಸಾಯುತ್ತಿರುವವರು ನಾವು, ಸಭೆಗೆ ಹೋದರೆ ಹೊಟ್ಟೆ ತುಂಬುತ್ತದೆಯೇ ಎಂಬುದು ಅವರ ಮಾತಿನ ತಾತ್ಪರ್ಯ.

ಈ ಮಾತು ಹೇಳಿದವರ ಹೆಸರು ಇತಿಹಾಸದಲ್ಲಿ ಉಳಿದಿಲ್ಲ. ಆದರೆ ಆ ತರಗತಿಯಲ್ಲಿ ಗುರುವಿಗೇ ಪಾಠ ಹೇಳಿದವರು ಅವರು. ಗಾಂಧಿ ಅದನ್ನು ಅಪವಾದವೆಂದು ತಳ್ಳಿಹಾಕಲಿಲ್ಲ. ಅವರ ಜಾಗದಲ್ಲಿ ನಿಂತು ನೋಡಿದರೆ ಅದು ನಿಜವೇ ಎಂದು ಒಪ್ಪಿದರು. ಮಾರ್ಚ್ 15ರ ಬೆಳಗಿನ ಸಭೆಯಲ್ಲಿ, ಕೆಲಸಗಾರರು ಮತ್ತೆ ಗಟ್ಟಿಯಾಗಿ ನಿಂತು ಇತ್ಯರ್ಥವಾಗುವವರೆಗೆ ತಾವು ಅನ್ನ ಮುಟ್ಟುವುದಿಲ್ಲ, ಕಾರು ಹತ್ತುವುದಿಲ್ಲ ಎಂದು ಸಾರಿದರು. ಸಭೆಯಲ್ಲಿದ್ದವರು ಅತ್ತರು. ಉಪವಾಸ ನಾವು ಮಾಡುತ್ತೇವೆ, ನೀವು ಬೇಡ ಎಂದು ಕೂಗಿದರು.

ಈ ಉಪವಾಸದಲ್ಲಿ ಒಂದು ದೊಡ್ಡ ದೋಷವಿತ್ತು, ಅದನ್ನು ಮುಚ್ಚಿಡದೆ ಹೇಳಿದವರೂ ಗಾಂಧಿಯೇ. ಅವರು ಉಪವಾಸ ಕೂತದ್ದು ಕೆಲಸಗಾರರ ಮಾತು ತಪ್ಪದಿರಲೆಂದು. ಪೆಟ್ಟು ಬಿದ್ದದ್ದು ಮಾಲೀಕರಿಗೆ. ಅವರಲ್ಲಿ ಹಲವರು ಗಾಂಧಿಯ ಸ್ನೇಹಿತರು, ಅಂಬಾಲಾಲರ ಹೆಂಡತಿ ಸರಳಾದೇವಿ ಒಡಹುಟ್ಟಿದವಳಷ್ಟು ಅಕ್ಕರೆಯವರು. ಗಾಂಧಿ ಹಸಿದು ಮಲಗಿರುವಾಗ ಅವರು ನ್ಯಾಯ ಅನ್ಯಾಯ ತೂಗಿ ತೀರ್ಮಾನಿಸುವ ಸ್ಥಿತಿಯಲ್ಲಿ ಇರಲಿಲ್ಲ. ಒತ್ತಾಯದಿಂದ ಬಂದ ನ್ಯಾಯಕ್ಕೆ ಒಂದು ಕಳಂಕವಿದೆ ಎಂದು ಗಾಂಧಿ ಕೆಲಸಗಾರರ ಮುಂದೆಯೂ ಹೇಳಿದರು, ಮುಂದೆ ಆತ್ಮಕಥೆಯಲ್ಲೂ ಬರೆದರು.

ಮೂರು ದಿನದ ಮೂರು ಅಂಕಿ

ಮಾರ್ಚ್ 18ರಂದು ರಾಜಿಯಾಯಿತು. ಅದರ ಏರ್ಪಾಡು ನೋಡುವಂಥದ್ದು. ಕೆಲಸಕ್ಕೆ ಮರಳಿದ ಮೊದಲ ದಿನ ಶೇಕಡಾ 35, ಕೆಲಸಗಾರರ ಪ್ರತಿಜ್ಞೆ ಉಳಿಯಿತು. ಎರಡನೆಯ ದಿನ 20, ಮಾಲೀಕರ ಹಟ ಉಳಿಯಿತು. ಮೂರನೆಯ ದಿನದಿಂದ ಎರಡರ ನಡುವಿನ ಇಪ್ಪತ್ತೇಳೂವರೆ, ಮಧ್ಯಸ್ಥರು ತೀರ್ಪು ಕೊಡುವವರೆಗೆ. ಮಧ್ಯಸ್ಥರಾಗಿ ಎರಡೂ ಕಡೆ ಒಪ್ಪಿದ್ದು ಗುಜರಾತ್ ಕಾಲೇಜಿನ ಪ್ರಾಧ್ಯಾಪಕ ಆನಂದಶಂಕರ ಧ್ರುವ ಅವರನ್ನು. ಇದರಿಂದ ಪ್ರತಿಜ್ಞೆಯ ಅಕ್ಷರ ಉಳಿಯಿತೇ ಹೊರತು ಆತ್ಮ ಉಳಿಯಲಿಲ್ಲ ಎಂದು ಗಾಂಧಿ ಕೆಲಸಗಾರರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿದರು. ಆದರೆ ಆಗಸ್ಟಿನಲ್ಲಿ ಧ್ರುವ ತೀರ್ಪು ಕೊಟ್ಟಾಗ ಬಂದ ಅಂಕಿ 35. ಮಾಲೀಕರು ಅದಕ್ಕೆ ತಲೆಬಾಗಿದರು.

ರಾಜಿಯ ಸಂತೋಷಕ್ಕೆ ಮಾಲೀಕರು ರಾಶಿ ಮಿಠಾಯಿ ಮಾಡಿಸಿದರು. ಪ್ರತಿಜ್ಞೆ ಮಾಡಿದ ಮರದ ಕೆಳಗೇ ಹಂಚುವುದೆಂದಾಯಿತು. ಮೂರು ವಾರ ಶಿಸ್ತಿನಿಂದ ನಡೆದುಕೊಂಡ ಜನ ಅಂದು ಸಾಲಿನಲ್ಲಿ ನಿಲ್ಲಲೇ ಇಲ್ಲ. ನೂಕುನುಗ್ಗಲಿನಲ್ಲಿ ಎಷ್ಟೋ ಮಿಠಾಯಿ ಕಾಲಡಿ ಸಿಕ್ಕು ಮಣ್ಣುಪಾಲಾಯಿತು. ಉಳಿದದ್ದನ್ನು ಹೇಗೋ ಮಿರ್ಜಾಪುರದ ಅಂಬಾಲಾಲರ ಬಂಗಲೆಗೆ ಸಾಗಿಸಿ ಮರುದಿನ ಹಂಚಿದರು. ಆಮೇಲೆ ವಿಚಾರಿಸಿದಾಗ ಗೊತ್ತಾಯಿತು: ಮಿಠಾಯಿಯ ಸುದ್ದಿ ತಿಳಿದು ಊರಿನ ಭಿಕ್ಷುಕರೆಲ್ಲ ಅಲ್ಲಿಗೆ ಬಂದಿದ್ದರು. ಸಾಲು ಮುರಿದದ್ದು ಅವರ ಹಸಿವು. ಮಾಲೀಕರೂ ಕೆಲಸಗಾರರೂ ಕೈಕುಲುಕಿದ ದಿನ, ಆ ಒಪ್ಪಂದದಲ್ಲಿ ಎಲ್ಲೂ ಹೆಸರಿಲ್ಲದ ಮೂರನೆಯವರು ತಾವಾಗಿ ಎದುರು ಬಂದು ನಿಂತಿದ್ದರು. ಉದ್ಯಮ ಎಂದರೆ ಗೇಟಿನ ಒಳಗಿನವರು ಮಾತ್ರವಲ್ಲ. ಸಮಾಜದ ಪಾಲು ಗೇಟಿನ ಹೊರಗೂ ಇದೆ.

ಕಟ್ಟಿದ್ದು, ಬಿಟ್ಟದ್ದು

1920ರ ಫೆಬ್ರುವರಿಯಲ್ಲಿ ಮಜೂರ್ ಮಹಾಜನ ಸಂಘ ಹುಟ್ಟಿತು. ಅನಸೂಯಾ ಅದರ ಅಧ್ಯಕ್ಷೆಯಾದರು. ಜಗಳ ಬಂದಾಗ ಮೊದಲು ಮಾತುಕತೆ, ಅದು ಫಲಿಸದಿದ್ದರೆ ಪಂಚಾಯಿತಿ ಎಂಬ ಕಟ್ಟಳೆ ಬೇರೂರಿತು. ಕೆಲಸಗಾರರ ಪರ ಗಾಂಧಿ, ಮಾಲೀಕರ ಪರ ಸೇಠ್ ಮಂಗಳದಾಸ್ ಮಧ್ಯಸ್ಥರಾದರು. 1922ರಲ್ಲಿ ಸಂಘದ ಕಾರ್ಯದರ್ಶಿಯಾಗಿ ಬಂದ ಗುಲ್ಜಾರಿಲಾಲ್ ನಂದಾ ಮುಂದೆ ದೇಶದ ಕಾರ್ಮಿಕ ಸಚಿವರಾದರು. ಸಂಘ ಶಾಲೆ, ವಾಚನಾಲಯ, ಆಸ್ಪತ್ರೆ ನಡೆಸಿತು.

ಇದನ್ನು ಬಂಗಾರದ ಯುಗವೆಂದು ಹೊಗಳಲು ನನಗೆ ಮನಸ್ಸಿಲ್ಲ. ಅಂದಿನ ಮಗ್ಗದಲ್ಲಿ ಕಂಡಿಕೆ ಬದಲಿಸಿದಾಗ ಲಾಳಿಯ ಕಣ್ಣಿನಿಂದ ನೂಲನ್ನು ಬಾಯಲ್ಲಿ ಎಳೆದುಕೊಳ್ಳಬೇಕಿತ್ತು. ಎಂಜಲಿನ ಮಡಿಯ ನೆಪದಲ್ಲಿ ದಲಿತರನ್ನು ಹೆಚ್ಚು ಸಂಬಳದ ನೇಯ್ಗೆ ವಿಭಾಗದಿಂದ ದೂರವಿಟ್ಟರು, ಅವರ ಪಾಲಿಗೆ ಬಂದದ್ದು ಕಡಿಮೆ ಸಂಬಳದ ನೂಲುವ ವಿಭಾಗ. ನೇಕಾರರು ಗೆದ್ದ 35, ಪಕ್ಕದ ಶೆಡ್ಡಿನ ಈ ಅನ್ಯಾಯವನ್ನು ಅಲುಗಿಸಲಿಲ್ಲ. 1980ರ ದಶಕದಿಂದ ಅಹಮದಾಬಾದಿನ ಗಿರಣಿಗಳು ಒಂದೊಂದಾಗಿ ಮುಚ್ಚಿ ಹತ್ತಾರು ಸಾವಿರ ಜನ ಬೀದಿಗೆ ಬಿದ್ದಾಗ, ಹಳೆಯ ಪಂಚಾಯಿತಿಯ ಸಂಪ್ರದಾಯ ಅವರನ್ನು ಕಾಪಾಡಲಿಲ್ಲ. ಕ್ಯಾಲಿಕೋ ಗಿರಣಿಯೂ ಉಳಿಯಲಿಲ್ಲ.

ಆದರೂ ಒಂದು ಬೀಜ ಬೇರೆಡೆ ಮೊಳೆಯಿತು. ಮಜೂರ್ ಮಹಾಜನದ ಮಹಿಳಾ ವಿಭಾಗದಲ್ಲಿದ್ದ ವಕೀಲೆ ಇಳಾ ಭಟ್ 1972ರಲ್ಲಿ ‘ಸೇವಾ’ ಕಟ್ಟಿದರು. ತಲೆಹೊರೆಯವರು, ತರಕಾರಿ ಮಾರುವವರು, ಮನೆಯಲ್ಲೇ ಹೊಲಿಯುವವರು ಅದರ ಸದಸ್ಯೆಯರು. ಮಾಲೀಕನೇ ಇಲ್ಲದ ಇವರನ್ನು ಕಾರ್ಮಿಕರೆಂದು ನೋಂದಾಯಿಸಲು ಅಧಿಕಾರಿಗಳು ಹಿಂದೆಮುಂದೆ ನೋಡಿದರು. ಮಿಠಾಯಿಯ ದಿನ ಸಾಲಿನಲ್ಲಿ ಜಾಗವಿಲ್ಲದವರ ಹಾಗೆ, ಸಂಘಟಿತ ಉದ್ಯಮದ ಒಪ್ಪಂದಗಳ ಹೊರಗೆ ಉಳಿದವರು ಇವರು.

ಮರದಿಂದ ಇಟ್ಟಿಗೆಯ ಕಟ್ಟಡಕ್ಕೆ

ಧ್ರುವ ಅವರ ತೀರ್ಪು ಬಂದ ಮರುವರ್ಷದ ಆಗಸ್ಟಿನಲ್ಲಿ ಅಂಬಾಲಾಲರ ಮನೆಯಲ್ಲಿ ಒಂದು ಗಂಡುಮಗು ಹುಟ್ಟಿತು. ಆ ಮಗು ವಿಕ್ರಮ್ ಸಾರಾಭಾಯಿ. ಬಾಹ್ಯಾಕಾಶ ವಿಜ್ಞಾನಿಯಾಗಿ ನಮಗೆಲ್ಲ ಗೊತ್ತಿರುವ ಅವರು, ಅಹಮದಾಬಾದಿನ ಮೊದಲ ಬಟ್ಟೆ ಗಿರಣಿ ಶುರುವಾಗಿ ನೂರು ವರ್ಷ ತುಂಬಿದ 1961ರಲ್ಲಿ ಅಲ್ಲಿಯೇ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಸ್ಥಾಪನೆಯ ಮುಂಚೂಣಿಯಲ್ಲಿದ್ದರು. ಕಸ್ತೂರಭಾಯಿ ಲಾಲ್‌ಭಾಯಿಯಂಥ ಗಿರಣಿ ಉದ್ಯಮಿಗಳು ಕೈಜೋಡಿಸಿದರು, ಫೋರ್ಡ್ ಫೌಂಡೇಶನ್ ನೆರವು ನೀಡಿತು. ಕಲಿಸುವ ವಿಧಾನ ಬಂದದ್ದು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಿಂದ. ಕೆಂಪು ಇಟ್ಟಿಗೆಯ ಕಟ್ಟಡ ಲೂಯಿ ಕಾನ್ ಅವರ ವಿನ್ಯಾಸ.

ಹಾರ್ವರ್ಡಿನ ಆ ವಿಧಾನ ‘ಕೇಸ್’. ಒಂದು ಕಂಪನಿ ಎದುರಿಸಿದ ನಿಜವಾದ ಬಿಕ್ಕಟ್ಟನ್ನು ಅಂಕಿಅಂಶಗಳ ಸಮೇತ ವಿದ್ಯಾರ್ಥಿಯ ಮುಂದಿಡುತ್ತಾರೆ. ನೀನೇ ಆ ಮ್ಯಾನೇಜರ್ ಆಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳುತ್ತಾರೆ. ಬುದ್ಧಿಯನ್ನು ಚುರುಕು ಮಾಡುವ ವಿಧಾನ ಇದು, ಅದರಲ್ಲಿ ಅನುಮಾನವಿಲ್ಲ. ಆದರೆ ವಿದ್ಯಾರ್ಥಿ ಕೂರುವ ಕುರ್ಚಿ ಹೆಚ್ಚಿನ ಸಲ ಒಂದೇ, ಮ್ಯಾನೇಜರ್‌ದು. ಕೆಲಸಗಾರ ಅಲ್ಲಿ ಬರುವುದು ಖರ್ಚಿನ ಒಂದು ಸಾಲಾಗಿ ಅಥವಾ ಬಗೆಹರಿಸಬೇಕಾದ ತೊಡಕಾಗಿ. ಜುಗಲ್‌ದಾಸ್ ಚಾಳಿಯಿಂದ ಬಂದಂಥ ಮಾತು ಆ ಕೋಣೆಗೆ ತಲುಪುವ ದಾರಿಯೇ ಇಲ್ಲ.

ಅಮೆರಿಕದಲ್ಲೂ ಈ ಪಾಠದ ಇತಿಹಾಸ ಸಮಾಧಾನ ಕೊಡುವಂಥದ್ದಲ್ಲ. ಕಾನೂನಿನ ಮತ್ತು ರೂಢಿಯ ಚೌಕಟ್ಟಿನೊಳಗೆ ಲಾಭ ಹೆಚ್ಚಿಸುವುದೇ ಉದ್ಯಮದ ಹೊಣೆ ಎಂದು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ಬರೆದ ಲೇಖನವನ್ನು ಎಥಿಕ್ಸ್ ತರಗತಿಗಳು ಇಂದಿಗೂ ಚರ್ಚಿಸುತ್ತವೆ. 1987ರಲ್ಲಿ ವಾಲ್ ಸ್ಟ್ರೀಟಿನ ಹಗರಣಗಳ ನಡುವೆ, ಷೇರುಪೇಟೆ ನಿಯಂತ್ರಣ ಮಂಡಳಿಯ ಅಧ್ಯಕ್ಷ ಜಾನ್ ಶಾಡ್ ನೀತಿಪಾಠಕ್ಕೆಂದು ಹಾರ್ವರ್ಡಿಗೆ ಕೋಟ್ಯಂತರ ಡಾಲರ್ ಕೊಡುಗೆ ಸಾರಿದರು. 2001ರಲ್ಲಿ ಮುಳುಗಿದ ಎನ್ರಾನ್ ಕಂಪನಿಯನ್ನು ನಡೆಸಿದ್ದ ಜೆಫ್ರಿ ಸ್ಕಿಲ್ಲಿಂಗ್ ಅದೇ ಹಾರ್ವರ್ಡಿನ ಪದವೀಧರ. ಹಗರಣವಾದಾಗ ಒಂದು ಕೋರ್ಸು ಹುಟ್ಟುತ್ತದೆ, ಕೋರ್ಸು ಹಳತಾಗುವಷ್ಟರಲ್ಲಿ ಇನ್ನೊಂದು ಹಗರಣ.

ನಮ್ಮಲ್ಲಿ ಬೇರೆ ದಾರಿ ಹುಡುಕಿದವರೂ ಇದ್ದರು. ಐಐಎಂ ಅಹಮದಾಬಾದಿನ ಮೊದಲ ಪೂರ್ಣಾವಧಿ ನಿರ್ದೇಶಕ ರವಿ ಮಥಾಯಿ 1972ರಲ್ಲಿ ತಾವಾಗಿ ಆ ಹುದ್ದೆ ಬಿಟ್ಟು, ಕೆಲವು ವರ್ಷಗಳ ನಂತರ ರಾಜಸ್ಥಾನದ ಆಗಿನ ಅಜ್ಮೇರ್ ಜಿಲ್ಲೆಯ ಜವಾಜಾ ಎಂಬ ಬರದ ಸೀಮೆಗೆ ಹೋದರು. ಅಲ್ಲಿನ ನೇಕಾರರು, ಚರ್ಮದ ಕಸುಬಿನವರ ಜೊತೆ ಕೂತು, ಅವರು ಸಾಹುಕಾರನ ಹಂಗಿಲ್ಲದೆ ತಮ್ಮ ಸರಕನ್ನು ತಾವೇ ಮಾರುವುದು ಹೇಗೆಂದು ಪ್ರಯೋಗ ನಡೆಸಿದರು. ಮ್ಯಾನೇಜ್‌ಮೆಂಟ್ ಮೇಷ್ಟರು ಹಳ್ಳಿಯ ಕಸುಬುದಾರರಿಂದ ಕಲಿಯುವ, ಅವರಿಗೆ ಕಲಿಸುವ ಕೆಲಸ ಅದು. ಅಂಥ ಪ್ರಯೋಗಗಳು ನಮ್ಮ ಮ್ಯಾನೇಜ್‌ಮೆಂಟ್ ಶಿಕ್ಷಣದ ನಡುಮನೆಗೆ ಬರಲಿಲ್ಲ.

ತೀರ್ಮಾನ ಯಾರದು?

ಇಂದು ಉದ್ಯಮದ ಸಾಮಾಜಿಕ ಹೊಣೆ ಎಂದರೆ ಸಿಎಸ್ಆರ್. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ನಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಅದರಿಂದ ಶಾಲೆಗಳಾಗಿವೆ, ಶೌಚಾಲಯಗಳಾಗಿವೆ, ಕೆರೆಗಳ ಹೂಳು ತೆಗೆದಿದೆ. ಅದು ಒಳ್ಳೆಯದೇ. ತನ್ನ ನೌಕರರಿಗಷ್ಟೇ ಮಾಡಿದ ಅನುಕೂಲವನ್ನು ಕಂಪನಿ ಈ ಲೆಕ್ಕಕ್ಕೆ ಸೇರಿಸುವಂತಿಲ್ಲ ಎಂಬ ನಿಯಮವೂ ಸರಿಯೇ. ಸಂಬಳ ಕೊಡುವುದು ದಾನವಾಗಬಾರದು. ಆದರೆ ಇದರ ಪರಿಣಾಮವಾಗಿ ಹೊಣೆಯ ಮಾತೆಲ್ಲ ಆ ಎರಡು ರೂಪಾಯಿಯ ಸುತ್ತಲೇ ನಡೆಯುತ್ತಿದೆ. ಉಳಿದ 98 ರೂಪಾಯಿ ಹೇಗೆ ಬಂತು, ಯಾರ ದುಡಿಮೆಗೆ ಎಷ್ಟು ಸಂದಿತು ಎಂದು ಕೇಳುವವರು ಕಡಿಮೆ. ತಂದೆಯ ಜಾಗದಲ್ಲಿ ನಿಂತ ಮಾಲೀಕ, ಲಾಭವೇ ಹೊಣೆ ಎಂದ ಅರ್ಥಶಾಸ್ತ್ರಜ್ಞ, ಎರಡು ಶೇಕಡಾ ಕೊಡುವ ಕಂಪನಿ, ಈ ಮೂವರ ಮಾತೂ ಬೇರೆ ಬೇರೆ. ಮೂರರಲ್ಲೂ ತೀರ್ಮಾನ ಮಾತ್ರ ಮೇಜಿನ ಒಂದೇ ಬದಿಯಲ್ಲಿ ಆಗುತ್ತದೆ.

ನಮ್ಮ ಬೆಂಗಳೂರನ್ನೇ ನೋಡಿ. ಬನ್ನೇರುಘಟ್ಟ ರಸ್ತೆಯ ಐಐಎಂನಿಂದ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಗಳು ಕೆಲವೇ ಕಿಲೋಮೀಟರ್ ದೂರ. 2020ರ ಏಪ್ರಿಲ್‌ನಿಂದ ಕರ್ನಾಟಕದ ಗಾರ್ಮೆಂಟ್ಸ್ ಕೆಲಸಗಾರರಿಗೆ ಬರಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ ನಾನೂರು ಚಿಲ್ಲರೆ ರೂಪಾಯಿ. ಕೋವಿಡ್ ಕಾಲದ ಕಷ್ಟದ ಹೆಸರಿನಲ್ಲಿ ಅದನ್ನು ಮುಂದೂಡಲಾಯಿತು. ಲಕ್ಷಾಂತರ ಹೆಂಗಸರು ಆ ಹಣಕ್ಕಾಗಿ ಕಾದರು, ಕಾರ್ಮಿಕ ಸಂಘಗಳು ಹೈಕೋರ್ಟಿನ ಮೆಟ್ಟಿಲು ಹತ್ತಿದವು. ಏರಿದ ಬೆಲೆಗೆ ತಕ್ಕ ಕೂಲಿ ಎಷ್ಟು ಎಂಬ ಪ್ರಶ್ನೆ 1918ರದ್ದೇ.

ಆದ್ದರಿಂದ ವ್ಯಾಪಾರಧರ್ಮ ಕಲಿಸುವವರಲ್ಲಿ ನನ್ನ ಕೋರಿಕೆ ಇದು. ಫ್ರೀಡ್‌ಮನ್ ಓದಿಸಿ, ಎನ್ರಾನ್ ಕಥೆ ಹೇಳಿ, ಅದೆಲ್ಲ ಬೇಕು. ಅದರ ಜೊತೆಗೆ ವಿದ್ಯಾರ್ಥಿಗಳನ್ನು ಕೆಲಸಗಾರರ ಮನೆಗೆ ಕಳಿಸಿ. ಬಾಡಿಗೆ, ಅಕ್ಕಿ, ಬಸ್ ಪಾಸು, ಮಕ್ಕಳ ಫೀಸು ಕೂಡಿಸಿ ಒಂದು ಸಂಸಾರದ ಲೆಕ್ಕ ಬರೆದು ತರಲಿ. ಕಾರ್ಖಾನೆಯ ಲಾಭನಷ್ಟದ ಪಟ್ಟಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಲಿ. ನ್ಯಾಯವಾದ ಅಂಕಿ ಯಾವುದೆಂದು ತಾವೇ ತೆಗೆದು, ಅದನ್ನು ಹೊಲಿಗೆ ಯಂತ್ರದ ಮುಂದೆ ಕೂರುವ ಹೆಂಗಸಿನ ಎದುರೂ ಕಾರ್ಖಾನೆಯ ಮಾಲೀಕನ ಎದುರೂ ನಿಂತು ಸಮರ್ಥಿಸಲಿ. ಆಕೆಗೆ ತರಗತಿಯಲ್ಲಿ ಕುರ್ಚಿ ಹಾಕಿ, ಆ ಲೆಕ್ಕ ತಪ್ಪು ಎನ್ನುವ ಹಕ್ಕನ್ನೂ ಕೊಡಿ. ತಾನು ತೆಗೆದುಕೊಂಡ ತೀರ್ಮಾನದ ಭಾರ ಹೊರುವವರ ಮುಖ ನೋಡಿ ಉತ್ತರ ಹೇಳಲು ಕಲಿತವನಿಗೆ ನೀತಿಪಾಠ ಅರ್ಧಕ್ಕಿಂತ ಹೆಚ್ಚು ಮುಗಿದ ಹಾಗೆ. ಅದನ್ನು ಕಲಿಯದೆ ಪದವಿ ಪಡೆದವನಿಗೆ ಎಷ್ಟು ಅಂಕ ಬಂದಿದ್ದರೂ ಆ ಪಾಠ ಇನ್ನೂ ಶುರುವಾಗಿಲ್ಲ.